ಯಂಕವ್ವನ ಪಾಟಿ

ದೌಂಡಿನ ಅನುಸೂಯಾ ಅಜ್ಜಿ ತಮ್ಮ ತಂದೆಯ ಕಾಗದಪತ್ರಗಳನ್ನೆಲ್ಲ ಹಳೇ ಬಟ್ಟೆ ಕೊಟ್ಟಷ್ಟೇ ಸಲೀಸಾಗಿ ನಮಗೆ ಕೊಟ್ಟುಬಿಟ್ಟರು. ಅಂಬಾದಾಸ ಮಾಸ್ತರರ ನೇಮಕದ ಆದೇಶ, ಸಂಬಳದ ಚೀಟಿಗಳು, ತಪಾಸಣೆಗೆ ಬಂದ ಸಾಹೇಬರ ಜೊತೆ ಮಕ್ಕಳನ್ನು ನಿಲ್ಲಿಸಿ ತೆಗೆಸಿದ ಫೋಟೊ, ಮದುವೆ ಕಾರ್ಡುಗಳು, ಊರಿಂದ ಬಂದ ಪೋಸ್ಟ್‌ಕಾರ್ಡುಗಳ ಕಟ್ಟು, ಹೀಗೆ ಒಂದು ಟ್ರಂಕಿನ ತುಂಬ. ಕೊನೆಗೆ ಒಂದೇ ಒಂದು ವಸ್ತುವನ್ನು ಮಾತ್ರ ಕೊಡದೆ ತೊಡೆಯ ಮೇಲಿಟ್ಟುಕೊಂಡು ಕೂತರು. ಹಳೇ ಧೋತರದ ತುಂಡಿನಲ್ಲಿ ಸುತ್ತಿದ್ದ ಒಂದು ಸ್ಲೇಟು.

"ಇದೊಂದು ಪಾಟಿ ನೋಡ್ರಿ ತಂಗಿ. ಕೊಡಬೇಕೋ ಬ್ಯಾಡೋ ಅಂತ ಇನ್ನೂ ವಿಚಾರ ನಡದದ," ಅಂದರು.

ನಾನು ಇಂಪನಾ. ಊರು ತಿಪಟೂರು, ಕೆಲಸ ಹಿಂಜವಾಡಿಯಲ್ಲಿ. ವಾರವಿಡೀ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತೇನೆ, ಶನಿವಾರ ಬಂತೆಂದರೆ ಸದಾಶಿವ ಪೇಠದ ಒಂದು ಹಳೇ ವಾಡೆಯ ಮೇಲ್ಮಹಡಿಗೆ ಓಡುತ್ತೇನೆ. ಅಲ್ಲಿ ಸಾಮಾನ್ಯ ಜನರ ಮನೆಯ ಕಾಗದಗಳನ್ನು ಕಾಪಾಡಿಡುವ ಒಂದು ಚಿಕ್ಕ ಸಂಗ್ರಹಾಲಯವಿದೆ. ರಾಜರದ್ದು, ಪೇಶ್ವೆಗಳದ್ದು ಇಡಲು ಬೇರೆ ಜಾಗಗಳಿವೆ. ಇಲ್ಲಿ ದರ್ಜಿಗಳದ್ದು, ನರ್ಸುಗಳದ್ದು, ಮಾಸ್ತರರದ್ದು. ಅದನ್ನು ನಡೆಸುವವಳು ಸಾಯಲಿ, ನನಗಿಂತ ಹತ್ತು ವರ್ಷ ದೊಡ್ಡವಳು, ಮರಾಠಿಯವಳು. ಅವಳಿಗೆ ಕನ್ನಡದ ಒಂದಕ್ಷರವೂ ಬರುವುದಿಲ್ಲ. ನನ್ನ ಮರಾಠಿ ರಿಕ್ಷಾದವರ ಹತ್ತಿರ ಜಗಳವಾಡುವಷ್ಟು. ಅಷ್ಟರಲ್ಲೇ ನಾವಿಬ್ಬರೂ ಗೆಳತಿಯರಾಗಿದ್ದೆವು. ರೈಲ್ವೆ ಕೆಲಸಗಾರರ ಮಕ್ಕಳಿಗೆ ದೌಂಡಿನಲ್ಲಿ ಕನ್ನಡ ಕಲಿಸಿದ ಮಾಸ್ತರರೊಬ್ಬರ ಕಾಗದಗಳಿವೆ ಎಂದು ಗೊತ್ತಾದಾಗ ಅವಳಿಗಿಂತ ಹೆಚ್ಚು ಕುಣಿದವಳು ನಾನೇ.

ಆ ಹೊತ್ತಿಗೆ ಸಾಯಲಿ ಕೆಳಗೆ ಟೆಂಪೊದವನಿಗೆ ಟ್ರಂಕು ಹೇಗಿಡಬೇಕೆಂದು ಹೇಳುತ್ತಿದ್ದಳು. ನಾನು ಅಜ್ಜಿಯ ಮಂಚದ ನಡುವೆ ಕೂರಲು ಹೋದೆ.

"ನಡು ಕೂಡಬ್ಯಾಡ್ರಿ. ಹಿಂಗ ಈ ತುದೀಗೆ ಬರ್ರಿ."

ಸೊಂಟ ನೋವಿಗೆ ಹಾಸಿದ್ದೇನಾದರೂ ಇರಬಹುದು ಅಂದುಕೊಂಡು ತುದಿಗೆ ಸರಿದೆ. ಅವರೂ ಇನ್ನೊಂದು ತುದಿಗೆ ಸರಿದು ಕೂತರು. ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿ ಉಳಿಯಿತು. ಅಲ್ಲಿ ಏನೂ ಇರಲಿಲ್ಲ.

ಧೋತರ ಬಿಚ್ಚಿದರು. ಮರದ ಚೌಕಟ್ಟಿನ ಕಪ್ಪು ಸ್ಲೇಟು. ಮೇಲೆ ದೊಡ್ಡವರ ಕೈಯ ದುಂಡಗಿನ ಬರಹದಲ್ಲಿ ಒಂದು ಸಾಲು, 'ಅವ್ವ ಬಂದಳು'. ಅದರ ಕೆಳಗೆ ಮಗುವಿನ ಕೈಯಲ್ಲಿ ಅದೇ ಸಾಲು, ಮತ್ತೆ ಅದೇ ಸಾಲು, ಮತ್ತೆ ಅದೇ. ಪ್ರತಿ ಸಾಲೂ ಬಲಕ್ಕೆ ಹೋಗುತ್ತಾ ಇಳಿಜಾರಾಗಿತ್ತು, ಬರೆಯುವವಳು ಮಲಗಿಕೊಂಡು ಬರೆದ ಹಾಗೆ. ಕೊನೆಯ ಸಾಲು ಮಾತ್ರ ಅರ್ಧ. 'ಅವ್ವ ಬಂ', ಅಷ್ಟೇ. ಮುಂದೆ ಬರಿ ಕಪ್ಪು.

"ನಮ್ಮಕ್ಕ ಯಂಕವ್ವ ಬರದದ್ದು. ನಾ ಆಕಿನ್ನ ನೋಡಿಲ್ರಿ. ನನ್ನ ಹಡಿಯಾಕ ಅವ್ವ ತವರಿಗೆ ಹೋಗಿದ್ಲು, ಸೊಲ್ಲಾಪುರದ ಆಚೀಕ. ಇಲ್ಲಿ ಆಕಿಗೆ ಜ್ವರ ಬಂತು. ಅವ್ವ ಯಾವಾಗ ಬರತಾಳ, ಅವ್ವ ಯಾವಾಗ ಬರತಾಳ ಅಂತ ಒಂದ ಸವನ ಕೇಳತಿದ್ಲಂತ. ನಮ್ಮಪ್ಪ ಮಾಸ್ತರು. ಅವರಿಗೆ ಮತ್ತೇನು ಗೊತ್ತಿತ್ತು? ಪಾಟಿ ಮ್ಯಾಲ ಒಂದು ಸಾಲು ಹಾಕಿ ಕೊಟ್ರು. ಇದನ್ನ ತಿದ್ದಕೋತ ಇರು, ಪಾಟಿ ತುಂಬೂದ್ರಾಗ ಅವ್ವ ಬರತಾಳ ಅಂದ್ರು."

"ಆಮೇಲೆ, ಅಜ್ಜಿ?"

"ಆಮ್ಯಾಲ ಏನು? ಅವ್ವ ನನ್ನ ಎತಕೊಂಡು ಗಾಡಿ ಇಳದು ಬರೂದ್ರಾಗ ಎಲ್ಲಾ ಮುಗದಿತ್ತು. ಪಾಟಿ ಅಷ್ಟಕ್ಕ ನಿಂತಿತ್ತು."

ಅವರು ಅಳಲಿಲ್ಲ. ಸ್ಲೇಟಿನ ಚೌಕಟ್ಟನ್ನು ಹೆಬ್ಬೆರಳಿಂದ ಒರೆಸುತ್ತಾ ಇದ್ದರು. ಕೈ ಸಣ್ಣಗೆ ನಡುಗುತ್ತಿತ್ತು.

"ಅವ್ವಗ ಓದಾಕ ಬರತಿರಲಿಲ್ಲ. ಆದ್ರ ದಿನಾ ಸಂಜೀಕ ದೀಪ ಹಚ್ಚಿದ ಮ್ಯಾಲ ಈ ಸಾಲಿನ ಮ್ಯಾಲ ಬೆರಳು ಆಡಿಸಿ ನೋಡತಿದ್ಲು. ಇದನ್ನ ಅಳಸಬ್ಯಾಡ್ರಿ ತಂಗಿ. ಮನಿಯಾಗಿಂದು ಇದೊಂದ ಹೊರಗ ಹೊಂಟಿದ್ದು ನನಗ ತಡಿಯೂದಿಲ್ಲ. ಉಳದದ್ದು ಹೋದ್ರ ಹೋಗ್ಲಿ."

"ಇಲ್ಲ ಅಜ್ಜಿ, ಪ್ರಾಮಿಸ್. ಅಲ್ಲಿ ಎಲ್ಲಾ ಸೇಫಾಗಿರತ್ತೆ. ನಾನಿರ್ತೀನಲ್ಲ."

"ದಸರಾ ಹಬ್ಬದ ಖಂಡೇನವಮಿಗೆ ಮೊದಲ ಒಂದು ಶನಿವಾರ ಬಂದು ನೋಡಿ ಹೋಗತೀನಿ. ಪ್ರತಿವರ್ಷ ಅದಕ್ಕ ಅರಿಷಿಣ ಕುಂಕುಮ ಹಚ್ಚತೀವಿ."

ಸ್ಲೇಟನ್ನೂ ಅದರ ಜೊತೆಗಿದ್ದ ಬಳಪದ ತುಂಡನ್ನೂ ನನ್ನ ಕೈಗಿಟ್ಟರು. ನಾನೇ ಜೋಪಾನವಾಗಿ ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟೆ.

ಆ ಕಥೆಯನ್ನು ನಾನು ಎಲ್ಲರಿಗೂ ಹೇಳಿದೆ. ಆಫೀಸಿನ ಕ್ಯಾಬ್‌ನಲ್ಲಿ ಹೇಳಿದೆ, ಕ್ಯಾಂಟೀನಿನಲ್ಲಿ ಹೇಳಿದೆ. ರೂಮಿನಲ್ಲಿ ಜೊತೆಗಿರುವ ಅಭಿಲಾಷಳಿಗೆ ಹೇಳಿದಾಗ ಅವಳು ಹೊದಿಕೆ ಎಳೆದುಕೊಂಡು, "ಇಂಥ ಕಥೆ ಹೇಳ್ಬಿಟ್ಟು ಲೈಟ್ ಆಫ್ ಮಾಡಕ್ಕೆ ಬರ್ತೀಯಲ್ಲ, ನಿಂಗೆ ಮಾನ ಮರ್ಯಾದೆ ಇದ್ಯಾ?" ಅಂದಳು. ಹೇಳದೇ ಉಳಿದದ್ದು ಒಬ್ಬಳಿಗೆ, ಸಾಯಲಿಗೆ. ದೌಂಡಿನಿಂದ ಬರುವಾಗ ಅವಳು ಟೆಂಪೊದ ಮುಂದೆ, ನಾನು ರೈಲಿನಲ್ಲಿ. ಆಮೇಲೆ ನಮ್ಮ ಪ್ರಾಜೆಕ್ಟಿನ ರಿಲೀಸು ಬಂದು ಶನಿವಾರಗಳೆಲ್ಲ ಅದಕ್ಕೇ ಹೋದವು. ಫೋನಿನಲ್ಲಿ ಹೇಳಬಹುದಿತ್ತು. ಅವಳಿಗೂ ಗೊತ್ತಿದೆ ಎಂದೇ ನನಗನ್ನಿಸಿಬಿಟ್ಟಿತ್ತು, ಅಷ್ಟು ಜನಕ್ಕೆ ಹೇಳಿದ್ದೆ.

ಮತ್ತೆ ವಾಡೆಯ ಮೆಟ್ಟಿಲು ಹತ್ತಿದಾಗ ಮೇಜಿನ ಮೇಲೆ ಮಾಸ್ತರರ ಮನೆ ಅಚ್ಚುಕಟ್ಟಾಗಿ ಹರಡಿಕೊಂಡಿತ್ತು. ತುಕ್ಕು ಹಿಡಿದ ಪಿನ್ನುಗಳನ್ನು ಬಿಡಿಸಿ, ಪ್ರತಿ ಹಾಳೆಯ ಧೂಳನ್ನು ಮೆತ್ತನೆ ಬ್ರಷ್ಷಿನಿಂದ ತೆಗೆದು, ಬಿಳಿ ಲಕೋಟೆಗಳಲ್ಲಿ ಹಾಕಿದ್ದಳು ಸಾಯಲಿ. ಅವಳ ಕ್ರಮವೇ ಅದು. ಮೊದಲು ಫೋಟೊ, ಆಮೇಲೆ ಧೂಳು, ಆಮೇಲೆ ಲಕೋಟೆ. ಒಂದು ಚಪ್ಪಟೆ ಡಬ್ಬಿಯೊಳಗೆ ಸ್ಲೇಟಿತ್ತು. ಕಪ್ಪಗೆ, ನುಣ್ಣಗೆ, ಅಂಗಡಿಯಿಂದ ತಂದಷ್ಟು ಚೊಕ್ಕಟವಾಗಿ.

ಹಿಂದಿನ ಬದಿಯಲ್ಲಾದರೂ ಇರಬಹುದೆಂದು ಸ್ಲೇಟನ್ನು ಮಗುಚಿ ನೋಡಿದೆ.

"ಅಗ, ಏನಾಯ್ತು?" ಅಂದಳು ಸಾಯಲಿ ಮರಾಠಿಯಲ್ಲಿ.

ಹೇಳಿದೆ. ಈ ಸಲ ನಿಧಾನವಾಗಿ, ತಡವರಿಸುತ್ತಾ. ಕೇಳುತ್ತಾ ಕೇಳುತ್ತಾ ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಅದು ಹಳೇ ಬರಹ ಅಲ್ಲ ಇಂಪನಾ," ಅಂದಳು ಕೊನೆಗೆ. "ಹಳೇ ಬಳಪ ಮಾಸಿರತ್ತೆ, ಅರ್ಧ ಉದುರಿರತ್ತೆ. ಇದು ಹಾಲಿನ ಥರ ಬೆಳ್ಳಗಿತ್ತು. ಬ್ರಷ್ ತಾಗಿದ್ದೇ ತಡ ಪುಡಿ ಹಾರಿತು. ಮನೆ ಮಗು ಯಾವುದೋ ಮೊನ್ನೆ ಮೊನ್ನೆ ಗೀಚಿದೆ ಅಂದುಕೊಂಡೆ."

"ಆ ಮನೇಲಿ ಮಗು ಎಲ್ಲಿದೆ?"

ಇಬ್ಬರೂ ಸ್ಲೇಟನ್ನು ನೋಡಿದೆವು. ಕೆಳಗಿನ ಗಲ್ಲಿಯಲ್ಲಿ ಯಾರೋ ಹಳೇ ಸಾಮಾನು ಕೊಳ್ಳುವವನು ಕೂಗುತ್ತಾ ಹೋದ.

ಅಜ್ಜಿ ಬರುವುದು ಮುಂದಿನ ಶನಿವಾರ. ಸಾಯಲಿ ಮೊದಲು, "ನಾನೇ ಕೈಮುಗಿದು ಹೇಳ್ತೀನಿ," ಅಂದಳು. ಸ್ವಲ್ಪ ಹೊತ್ತಿಗೆ, "ಹೇಗೆ ಹೇಳಲಿ? ಅಷ್ಟು ದೂರದಿಂದ ಬಂದು ಖಾಲಿ ಸ್ಲೇಟು ನೋಡಿದರೆ ಆ ಮುದುಕಿ ಇಲ್ಲೇ ಕುಸಿದುಹೋಗ್ತಾಳೆ," ಅಂದಳು. ಆಮೇಲೆ ಧೂಳು ತೆಗೆಯುವ ಮೊದಲು ತೆಗೆದ ಫೋಟೊ ನನ್ನ ಫೋನಿಗೆ ಕಳಿಸಿದಳು. ಕಳಿಸುವಾಗ ನನ್ನ ಮುಖ ನೋಡಲಿಲ್ಲ. ಇಬ್ಬರಲ್ಲಿ ಕನ್ನಡ ಬರೆಯಲು ಬರುವವಳು ನಾನೊಬ್ಬಳೇ.

ಆ ವಾರ ಆಫೀಸಿನಲ್ಲಿ ಬಿಡುವಾದಾಗಲೆಲ್ಲ ಹಾಳೆಯ ಮೇಲೆ ಬರೆದು ನೋಡಿದೆ. ಆಗಲೇ ಇಲ್ಲ. ಅಕ್ಷರ ಸರಿ ಬಂದರೆ ಇಳಿಜಾರು ತಪ್ಪುತ್ತಿತ್ತು, ಇಳಿಜಾರು ಬಂದರೆ ಬೇಕೆಂದೇ ವಕ್ರ ಬರೆದಿದ್ದು ಕಾಣುತ್ತಿತ್ತು. ಬೆಳೆದವಳ ಕೈ ಮಗುವಿನ ಕೈಯನ್ನು ಅಣಕಿಸಿದ ಹಾಗೆ ಆಗುತ್ತಿತ್ತು. ಹಾಳೆಗಳನ್ನು ಮುದುರಿ ಬ್ಯಾಗಿನಲ್ಲಿ ಹಾಕಿಕೊಂಡೆ, ಕಸದ ಬುಟ್ಟಿಗೆ ಎಸೆಯಲು ಮನಸ್ಸಾಗಲಿಲ್ಲ.

ಶನಿವಾರ ಬೆಳಿಗ್ಗೆ ಬೇಗ ಹೋದೆ. ಸಾಯಲಿ ಡಬ್ಬಿ ತೆರೆದುಕೊಟ್ಟು, ಬೇರೆ ಲಕೋಟೆಯಲ್ಲಿಟ್ಟಿದ್ದ ಬಳಪದ ತುಂಡನ್ನು ಮೇಜಿನ ಮೇಲಿಟ್ಟು, ಒಳಗಿನ ಕೋಣೆಗೆ ಹೋದಳು. ನಾನು ಕಿಟಕಿಯ ಪಕ್ಕ ಕೂತು ಫೋಟೊ ತೆರೆದ ಫೋನನ್ನು ಸರಳಿಗೆ ಒರಗಿಸಿಟ್ಟೆ. ಮೊದಲು ಮಾಸ್ತರರ ಸಾಲು. ಬಳಪ ಕಲ್ಲಿಗೆ ತಾಗಿದಾಗ ಬೆರಳಿಗೆ ಏನೋ ಹತ್ತಿತು. ಸ್ಲೇಟನ್ನು ಓರೆ ಮಾಡಿ ಬೆಳಕಿಗೆ ಹಿಡಿದೆ. ಕಪ್ಪು ಕಲ್ಲಿನಲ್ಲಿ ಸಣ್ಣ ಸಣ್ಣ ಗೀರುಗಳು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರೆದು ಕಲ್ಲು ಸವೆದು ಆದವು.

ಕಷ್ಟವೇ ಆಗಲಿಲ್ಲ. ಬಳಪವನ್ನು ಗೀರಿನಲ್ಲಿಟ್ಟರೆ ಸಾಕು, ಅದೇ ದಾರಿ ಹಿಡಿಯುತ್ತಿತ್ತು. ವ-ಕಾರದ ಹೊಟ್ಟೆ ಎಲ್ಲಿ ತಿರುಗಬೇಕು, ಒತ್ತು ಎಷ್ಟು ಕೆಳಗೆ ಜೋತುಬೀಳಬೇಕು ಎಂದು ನಾನು ಯೋಚಿಸಬೇಕಾಗಿರಲಿಲ್ಲ. ಒಂದನೇ ಕ್ಲಾಸಿನಲ್ಲಿ ನಮ್ಮ ಮಿಸ್ಸು ಹಿಂದಿನಿಂದ ಬಗ್ಗಿ ಕೈ ಹಿಡಿದು ಬರೆಸುತ್ತಿದ್ದ ನೆನಪು ಬಂತು. ಅವರ ಕೈ ದೊಡ್ಡದಿತ್ತು, ಬೆಚ್ಚಗಿತ್ತು. ಈಗ ಕೈಯ ಮೇಲಿದ್ದ ಭಾರ ಹಾಗಿರಲಿಲ್ಲ. ಚಿಕ್ಕದು. ನನ್ನ ಮುಷ್ಟಿಯನ್ನು ಪೂರ್ತಿ ಸುತ್ತುವಷ್ಟೂ ಇಲ್ಲದ್ದು.

ಫೋನಿನ ಪರದೆ ಯಾವಾಗಲೋ ಆರಿಹೋಗಿತ್ತು. ನಾನು ನೋಡಿರಲಿಲ್ಲ.

ಸಾಯಲಿ ಬಂದು ಹೆಗಲ ಹಿಂದೆ ನಿಂತಳು. "ಅದೇ ಅಕ್ಷರ," ಅಂದಳು ಮೆಲ್ಲಗೆ. ಆಮೇಲೆ, "ಕೊನೇ ಸಾಲು ಇಷ್ಟುದ್ದ ಇತ್ತಾ?"

ನೋಡಿದೆ. ಕೊನೆಯ ಸಾಲು ಪೂರ್ತಿಯಾಗಿತ್ತು. ಅವ್ವ ಬಂದಳು.

ನಾನು ನಿಲ್ಲಿಸಬೇಕಿದ್ದ ಜಾಗ ನನಗೆ ಚೆನ್ನಾಗಿ ಗೊತ್ತಿತ್ತು. ವಾರವಿಡೀ ಹಾಳೆಗಳ ಮೇಲೆ ಅಲ್ಲೇ ನಿಲ್ಲಿಸಿದ್ದೆ. ಕೊನೆಯ ಎರಡಕ್ಷರ ಒರೆಸಲು ಹೆಬ್ಬೆರಳಿಟ್ಟೆ, ಅಷ್ಟರಲ್ಲಿ ಮರದ ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳ. ಒಂದು ಮೆಟ್ಟಿಲು ಹತ್ತಿ, ನಿಂತು, ಉಸಿರು ತೆಗೆದುಕೊಂಡು, ಮತ್ತೊಂದು.

"ತಂಗಿ, ಎಷ್ಟು ಮ್ಯಾಲ ಇಟ್ಟೀರಿ ನಮ್ಮ ಅಪ್ಪನ್ನ," ಅನ್ನುತ್ತಾ ಅನುಸೂಯಾ ಅಜ್ಜಿ ಒಳಗೆ ಬಂದರು. ಕೈಯಲ್ಲಿ ಹೂವಿನ ಪೊಟ್ಟಣ, ಬಗಲಲ್ಲಿ ಚೀಲ. "ಸ್ವರ್ಗಕ್ಕ ಹೋಗೂದೂ ಇಷ್ಟು ತ್ರಾಸ ಇರಲಿಕ್ಕಿಲ್ಲ."

ನೀರು ಕೊಟ್ಟೆವು. ಬೆಂಚಿನ ಮೇಲೆ ಕೂತರು, ಒಂದು ತುದಿಗೆ. ಚೀಲವನ್ನು ಪಕ್ಕಕ್ಕಿಡದೆ ಕಾಲ ಹತ್ತಿರ ನೆಲಕ್ಕಿಟ್ಟರು. ಸಾಯಲಿ ಡಬ್ಬಿಯನ್ನು ತಂದು ಅವರ ಮುಂದಿಟ್ಟಳು.

ಅಜ್ಜಿ ಕನ್ನಡಕ ಏರಿಸಿಕೊಂಡು ಬಗ್ಗಿದರು. ಸ್ಲೇಟಿಗೆ ತಾಗದ ಹಾಗೆ, ಒಂದು ಬೆರಳನ್ನು ಗಾಳಿಯಲ್ಲೇ ಸಾಲಿನ ಗುಂಟ ನಡೆಸುತ್ತಾ ಬಂದರು. ಒಂದೊಂದೇ ಸಾಲು. ಕೊನೆಯ ಸಾಲಿಗೆ ಬಂದಾಗ ಬೆರಳು ಅಭ್ಯಾಸದ ಜಾಗದಲ್ಲಿ ನಿಂತಿತು. ಮುಂದೆ ಇನ್ನೂ ಇತ್ತು.

"ಇದನ್ನ ಯಾರು ಬರದ್ರು?"

ಸುಳ್ಳು ಹೇಳಲು ನನಗೆ ತಯಾರಿ ಇತ್ತು. ಧೂಳಿನ ಕೆಳಗೆ ಮುಚ್ಚಿತ್ತು, ಈಗ ಕಾಣಿಸಿತು ಅನ್ನಬಹುದಿತ್ತು. ಹೇಳಲಾಗಲಿಲ್ಲ.

"ನಾನೇ ಅಜ್ಜಿ. ಸ್ಲೇಟು ಅಳಿಸಿಹೋಗಿತ್ತು. ಸಾಯಲಿದು ತಪ್ಪಲ್ಲ, ನಾನು ಅವಳಿಗೆ ಹೇಳೇ ಇರ್ಲಿಲ್ಲ. ನೀವು ಬರ್ತೀರಂತ ಫೋಟೊ ನೋಡ್ಕೊಂಡು ಮತ್ತೆ ಬರೆದೆ. ಕ್ಷಮಿಸಿ ಅಜ್ಜಿ."

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

"ಅಳಿಸಿದ್ದಕ್ಕ ನಾ ಏನನ್ನಲಿ? ನೀವು ಅಳಿಸಿದ್ದು ನನ್ನ ಬರಹಾನ."

ನಾನು ಸಾಯಲಿಗೆ ಮರಾಠಿಯಲ್ಲಿ ಹೇಳುವುದನ್ನೂ ಮರೆತೆ.

"ನಾ ಸಣ್ಣಾಕಿದ್ದಾಗ ಆಡಕೋತ ಎಲ್ಲಾ ಒರಿಸಿಬಿಟ್ಟೆ. ಅವ್ವ ನೀರಿಗೆ ಹೋಗಿದ್ಲು. ಅಪ್ಪ ಬಂದು ನೋಡಿದ್ರು, ಹೊಡೀಲಿಲ್ಲ. ನನ್ನ ತೊಡೀ ಮ್ಯಾಲ ಕೂಡಿಸಿಕೊಂಡು ಕೈ ಹಿಡದು ಬರಸಿದ್ರು, ಅಕ್ಕ ಹೆಂಗ ಬರದಿದ್ಲು ಹಂಗ. ಅವರಿಗೆ ಅದು ಕಣ್ಣಾಗ ಕೂತಿತ್ತು. ಅವ್ವ ಕೊಡಾ ತಂದು ಇಳಿಸೂದ್ರಾಗ ಮುಗೀತು. ಆಕಿಗೆ ತಿಳೀಲಿಲ್ಲ. ಅವತ್ತಿಂದ ಮಳಿಗಾಲದಾಗ ತೇವಕ್ಕ ಮಾಸೂದು, ನಾ ಬರಿಯೂದು. ಅಪ್ಪ ಹೋದ್ರು, ಅವ್ವ ಹೋದ್ಲು, ಆದ್ರೂ ಬರದೆ. ಅಕ್ಕನ ಕೈ ಕಲತು ಕಲತು ನನಗ ನಂದು ಅನ್ನೂ ಕೈ ಬರಲೇ ಇಲ್ಲ. ಬ್ಯಾಂಕಿನ್ಯಾಗ ಸಹಿ ಮಾಡಿದ್ರ ಹುಡುಗೂರು ನಗತಾವ, ಅಜ್ಜಿ ಈಗ ಸಾಲೀಗೆ ಹೊಂಟೀರೇನು ಅಂತ."

"ಮತ್ತೆ ನಮಗೆ ಯಾಕೆ ಕೊಟ್ರಿ?"

ಕೈಯನ್ನು ಎತ್ತಿ ತೋರಿಸಿದರು. ಅದು ಗಾಳಿಗೆ ಎಲೆ ಅಲ್ಲಾಡಿದಂತೆ ಅಲ್ಲಾಡುತ್ತಿತ್ತು. "ಈ ವರ್ಷ ಹೆಂಗೋ ಬರದೆ. ಬರೂ ವರ್ಷ ಆಗೂದಿಲ್ಲ. ಆಕಿ ನನ್ನ ಕೈಯಾಗ ಸಾಯಬಾರದು ಅಂತ ಕೊಟ್ಟೆ." ಮತ್ತೆ ಸ್ಲೇಟಿನ ಕಡೆ ನೋಡಿದರು. "ಆದ್ರ ಈ ಸಾಲು ನಾ ಎಂದೂ ಮುಗಿಸಿಲ್ಲ. ಅಲ್ಲಿಗೆ ಬಂದ ಕೂಡಲೆ ಅಪ್ಪ ಕೈ ತಡದು ನಿಲ್ಲಸತಿದ್ರು. ಮುಗಿಸಿದ್ರ ಅವ್ವ ಬಂದಂಗ. ಅವ್ವ ಬಂದ ಮ್ಯಾಲ ಆಕಿ ಯಾತಕ್ಕ ಕುಂಡ್ರತಾಳ? ಎದ್ದು ಹೋಗತಾಳ. ಅದಕ್ಕ ನಾವು ಮುಗಿಸಗೊಡಲಿಲ್ಲ. ಕಾಯಕೋತ ಇರಲಿ, ಮನಿಯಾಗ ಇರಲಿ, ಅಂತ."

ಆಗ ನನಗೆ ಮಂಚದ ನಡುವಿನ ಜಾಗ ನೆನಪಾಯಿತು.

"ನಾನು ಬೇಕಂತ ಮುಗಿಸಲಿಲ್ಲ ಅಜ್ಜಿ. ಗೀರಿನ ಮೇಲೆ ಬರ್ಕೊಂಡು ಹೋದೆ. ಗೀರು ಅಲ್ಲಿ ನಿಂತಿರಲಿಲ್ಲ."

"ಅಲ್ಲಿ ಗೀರು ಎಲ್ಲಿಂದ ಬರತದ?"

ಸಾಯಲಿಗೆ ವಿಷಯ ಹೇಳಿದೆ. ಅವಳು ಸ್ಲೇಟನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಮೂವರೂ ಬಗ್ಗಿ ನೋಡಿದೆವು. ಬಳಪದ ಬಿಳಿಯ ಅಂಚಿನಲ್ಲಿ ಗೀರು ಹೊಳೆಯುತ್ತಿತ್ತು. ಬೇರೆ ಎಲ್ಲ ಅಕ್ಷರಗಳ ಗೀರಿಗಿಂತ ಕೊನೆಯ ಎರಡಕ್ಷರದ ಗೀರೇ ಆಳವಾಗಿತ್ತು, ನುಣುಪಾಗಿತ್ತು. ಯಾರೋ ಅದೊಂದನ್ನೇ ಮತ್ತೆ ಮತ್ತೆ ಬರೆದು, ಮತ್ತೆ ಮತ್ತೆ ಒರೆಸಿಟ್ಟ ಹಾಗೆ.

ಅಜ್ಜಿ ಈಗ ಬೆರಳನ್ನು ಕಲ್ಲಿನ ಮೇಲೆಯೇ ಇಟ್ಟರು. ಉಗುರು ಗೀರಿನಲ್ಲಿ ಕೂತಿತು.

"ನಾ ಬರದಿಲ್ಲ," ಅಂದರು. "ಅಪ್ಪ ಬರಿಯೂ ಪೈಕಿ ಅಲ್ಲ." ಆಮೇಲೆ, ನಮ್ಮನ್ನು ಕೇಳುವವರ ಹಾಗೆ, "ಅವ್ವಗ ಅಕ್ಷರ ಬರತಿರಲಿಲ್ಲ."

ಸಾಯಲಿ ಸ್ಲೇಟನ್ನು ಡಬ್ಬಿಯಲ್ಲಿಟ್ಟು, ಮೆತ್ತನೆ ಬಟ್ಟೆಯ ತುಂಡೊಂದನ್ನು ಕೈಗೆ ತೆಗೆದುಕೊಂಡಳು. ಕೊನೆಯ ಎರಡಕ್ಷರ ತೆಗೆದುಬಿಡಲೇ, ಮೊದಲಿದ್ದ ಹಾಗೆ ಆಗುತ್ತದೆ ಎಂದು ಅಜ್ಜಿಯನ್ನು ಕೇಳು ಅಂದಳು. ಕೇಳಿದೆ.

ಅಜ್ಜಿ ಬಟ್ಟೆಯನ್ನು ನೋಡಿದರು, ಸ್ಲೇಟನ್ನು ನೋಡಿದರು, ಆಮೇಲೆ ಬೆಂಚಿನ ಮೇಲೆ ತಮ್ಮ ಪಕ್ಕದ ಖಾಲಿ ಜಾಗವನ್ನು ನೋಡಿದರು. ಅದನ್ನು ನೋಡಿದ್ದು ಬಹಳ ಹೊತ್ತು. ಅವರ ತುಟಿ ಅಲುಗಿತು, ಏನೆಂದರೋ ನನಗೆ ಕೇಳಲಿಲ್ಲ. ನಮಗೆ ಹೇಳಿದ್ದಲ್ಲ.

"ಬ್ಯಾಡ," ಅಂದರು ಕೊನೆಗೆ. "ಇರ್ಲಿ ಬಿಡ್ರಿ. ಎಷ್ಟು ವರ್ಷ ಕೂಡಸೂದು ಪಾಪ."

ಪೂಜೆ ಮಾಡಿದರು. ಸಾಯಲಿಯ ಸಂಗ್ರಹಾಲಯದಲ್ಲಿ ಹೂವು, ಕುಂಕುಮ, ನೀರು ಯಾವುದೂ ಹತ್ತಿರ ಬರುವಂತಿಲ್ಲ. ಆದರೆ ಅವಳೇ ಡಬ್ಬಿಯ ಮುಂದೆ ಒಂದು ಹಾಳೆ ಹಾಸಿಕೊಟ್ಟಳು. ಅದರ ಮೇಲೆ ಅರಿಶಿನ, ಕುಂಕುಮ, ಎರಡು ಸೇವಂತಿಗೆ. ಕೈ ಮುಗಿದ ಅಜ್ಜಿಯ ಕೈಗಳು ಒಂದಕ್ಕೊಂದು ಆತುಕೊಂಡು ಸ್ವಲ್ಪ ಹೊತ್ತು ನಡುಗದೆ ನಿಂತವು.

ಆಮೇಲೆ ಸಾಯಲಿ ಕಂಪ್ಯೂಟರಿನ ಮುಂದೆ ಕೂತು ಸ್ಲೇಟಿನ ವಿವರ ತುಂಬತೊಡಗಿದಳು. ಯಾವ ಊರು, ಯಾವ ಮನೆ, ಕಲ್ಲು, ಮರ. ಬರೆದವರು ಯಾರು ಎನ್ನುವಲ್ಲಿ ನಿಂತು ನನ್ನನ್ನು ನೋಡಿದಳು. ನಾನು ಅಜ್ಜಿಯನ್ನು ನೋಡಿದೆ.

"ಯಂಕವ್ವ ಅಂತ ಹಾಕ್ರಿ," ಅಂದರು ಅಜ್ಜಿ, ಬೇರೇನು ಹಾಕುತ್ತಾರೆ ಅನ್ನುವ ದನಿಯಲ್ಲಿ. "ಯಂಕವ್ವ ಅಂಬಾದಾಸ."

ಹೊರಡುವಾಗ ಬಳಪ ಕೇಳಿದರು. ಸಾಯಲಿ ಒಂದು ಕ್ಷಣ ಅನುಮಾನಿಸಿದಳು, ಅದಕ್ಕೂ ನಂಬರ್ ಬಿದ್ದಾಗಿತ್ತು. ಆದರೂ ಕೊಟ್ಟಳು. ಅಜ್ಜಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಸೊಂಟಕ್ಕೆ ಸಿಕ್ಕಿಸಿದರು. "ಪಾಟಿ ನಿಮ್ಮ ಹಂತೇಕ ಇರಲಿ. ಇದು ಬ್ಯಾಡ. ಇನ್ನ ಬರಿಯೂದಿಲ್ಲಲ್ಲ."

ದೌಂಡಿನ ಗಾಡಿ ಹತ್ತಿಸಲು ಸ್ಟೇಶನ್ನಿನವರೆಗೆ ರಿಕ್ಷಾದಲ್ಲಿ ನಾನೂ ಹೋದೆ. ಲಕ್ಷ್ಮೀ ರೋಡಿನಲ್ಲಿ ಹಬ್ಬದ ಗದ್ದಲ, ರಿಕ್ಷಾ ಇಂಚಿಂಚಾಗಿ ತೆವಳುತ್ತಿತ್ತು. ಅಜ್ಜಿ ಸೀಟಿನ ನಡುವೆ ಕೂತು, ಚೀಲವನ್ನು ಆಚೆ ಪಕ್ಕದಲ್ಲಿಟ್ಟು, ಕಾಲು ಚಾಚಿದರು. ಅಂಗಡಿಗಳಲ್ಲಿ ತೂಗುಹಾಕಿದ್ದ ಸೀರೆಗಳನ್ನು ನೋಡುತ್ತಾ ಬಂದರು, ಬೆಲೆ ಎಷ್ಟಿರಬಹುದೆಂದು ಕೇಳಿದರು. ಸ್ವಲ್ಪ ಹೊತ್ತಿಗೆ ನನ್ನ ಕಡೆ ತಿರುಗಿದರು.

"ಯಾಕ ತಂಗಿ, ಅಷ್ಟು ತುದೀಗೆ ಒತ್ತಕೊಂಡು ಕೂತೀರಿ? ಜಾಗಾ ಅದ ಅಲ್ಲ ಇಲ್ಲಿ."

ಆಗಲೇ ನಾನು ನೋಡಿಕೊಂಡದ್ದು. ನನ್ನ ಹೆಗಲು ರಿಕ್ಷಾದ ಕಂಬಿಗೆ ಒತ್ತಿ ನೋಯುತ್ತಿತ್ತು. ನನಗೂ ಅವರಿಗೂ ನಡುವೆ ಒಂದು ಮಗು ಸಲೀಸಾಗಿ ಕೂರುವಷ್ಟು ಜಾಗವಿತ್ತು. ಬಿಟ್ಟವಳು ನಾನು. ಸರಿಯಬೇಕೆಂದು ಮನಸ್ಸು ಮಾಡಿದೆ, ಸ್ಟೇಶನ್ ಬರುವವರೆಗೂ ಮನಸ್ಸು ಮಾಡುತ್ತಲೇ ಇದ್ದೆ.